ಕಡಲಿಲ್ಲದ ಊರಲ್ಲಿ ಕೂತು ದ್ವೀಪದ ಪೇಪರ್ ಬರೆಯುವುದು ಹೇಗೆ?

ಬೆಂಗಳೂರಿನಿಂದ ಯಾವ ದಿಕ್ಕಿಗೆ ಹೊರಟರೂ ಕಡಲು ಕಾಣಲು ಅರ್ಧ ದಿನ ಬೇಕು. ಆದರೂ ಪುರಾತತ್ವ ಎಂ.ಎ. ಹುಡುಗರು ಐಚ್ಛಿಕ ಪಟ್ಟಿಯಲ್ಲಿ ‘ದ್ವೀಪ ಪುರಾತತ್ವ’ ಕಂಡರೆ ಟಿಕ್ ಹಾಕಿಬಿಡುತ್ತಾರೆ. ಈಸ್ಟರ್ ದ್ವೀಪದ ‘ಮೋಯಿ’ ಎಂಬ ಭಾರಿ ಕಲ್ಲಿನ ಮೂರ್ತಿಗಳ ಫೋಟೊ ಅರ್ಧ ಕೆಲಸ ಮಾಡಿರುತ್ತದೆ. ಇಂಥ ಅಸೈನ್‌ಮೆಂಟ್‌ಗಳನ್ನು ತಿದ್ದಿ ನನಗೆ ಗೊತ್ತಾದದ್ದು ಇಷ್ಟು: ಅಂಕ ಸೋರುವುದು ಪರೀಕ್ಷಾ ಹಾಲ್‌ನಲ್ಲಿ ಕಡಿಮೆ, ಪ್ರಬಂಧದಲ್ಲಿ ಹೆಚ್ಚು.

ಮೊದಲು ಲೆಕ್ಕ

ಸಿಲಬಸ್ಸನ್ನು ಕೊನೆಯ ಪುಟದಿಂದ ಓದಿ. ಅಂಕಗಳ ಹಂಚಿಕೆ ಇರುವುದು ಅಲ್ಲಿ. ಉದಾಹರಣೆಗೆ ಇಂಟರ್ನಲ್ 40, ಸೆಮಿಸ್ಟರ್ ಪರೀಕ್ಷೆ 60 ಎಂದಿಟ್ಟುಕೊಳ್ಳಿ. ಯುಜಿಸಿಯ 10 ಅಂಶಗಳ ಗ್ರೇಡ್ ಮಾಪಕದಲ್ಲಿ ‘ಒ’ ಅಂದರೆ 10, ‘ಎ ಪ್ಲಸ್’ 9, ‘ಎ’ 8. ಹೀಗೆ ಇಳಿದು ‘ಪಿ’ಗೆ 4. ಪೇಪರ್ 4 ಕ್ರೆಡಿಟ್‌ನದಾದರೆ ‘ಎ’ಗೆ 4×8, ಅಂದರೆ 32 ಸಿಗುತ್ತದೆ, ‘ಬಿ’ಗೆ 4×6, ಅಂದರೆ 24. ಎಲ್ಲ ಪೇಪರ್‌ಗಳ ಮೊತ್ತವನ್ನು ಒಟ್ಟು ಕ್ರೆಡಿಟ್‌ನಿಂದ ಭಾಗಿಸಿದರೆ ಸೆಮಿಸ್ಟರ್ ಸರಾಸರಿ ಬಂತು.

ದ್ವೀಪವಲ್ಲ, ಪ್ರಶ್ನೆ ಆರಿಸಿ

ಹತ್ತರಲ್ಲಿ ಆರು ಜನ ರಾಪಾ ನುಯಿ, ಅಂದರೆ ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದ ಬಗ್ಗೆಯೇ ಬರೆಯುತ್ತಾರೆ. ಕಥೆಯೂ ಒಂದೇ: ಮರ ಕಡಿದರು, ಹಸಿದರು, ಹೊಡೆದಾಡಿ ಸತ್ತರು. ಮೂರನೇ ಪ್ರತಿ ಓದುವಷ್ಟರಲ್ಲಿ ಪೆನ್ನು ತಾನಾಗಿ ‘ಬಿ’ ಬರೆಯುತ್ತದೆ. ಆ ದ್ವೀಪವೇ ಬೇಕೆಂದರೆ 2024ರಲ್ಲಿ ಪ್ರಕಟವಾದ ಪ್ರಾಚೀನ ಡಿಎನ್‌ಎ ಅಧ್ಯಯನವನ್ನು ಎದುರಿಗಿಟ್ಟುಕೊಳ್ಳಿ. 17ನೇ ಶತಮಾನದಲ್ಲಿ ಜನಸಂಖ್ಯೆ ಕುಸಿದ ಗುರುತು ಅದರಲ್ಲಿ ಸಿಕ್ಕಿಲ್ಲ. ಖಚಿತವಾಗಿ ಗೊತ್ತಿರುವ ಕುಸಿತ ಆಮೇಲಿನದು: 1862ರಿಂದ ಪೆರುವಿನ ಗುಲಾಮ ಹಡಗುಗಳು ಜನರನ್ನು ಹೊತ್ತೊಯ್ದವು, ಹಿಂದೆಯೇ ರೋಗ ಬಂತು, 1877ಕ್ಕೆ ಉಳಿದವರು 111 ಜನ.

ಇನ್ನೂ ಒಳ್ಳೆಯದೆಂದರೆ ಒಂದು ಪ್ರಶ್ನೆ ಹಿಡಿಯುವುದು: ಇಲ್ಲಿ ನೀರು ಬೇಲಿಯಾಗಿತ್ತೋ, ದಾರಿಯಾಗಿತ್ತೋ? 1973ರಲ್ಲಿ ಪುರಾತತ್ವಜ್ಞ ಜಾನ್ ಇವಾನ್ಸ್ ದ್ವೀಪಗಳನ್ನು ಸಂಸ್ಕೃತಿಯ ಪ್ರಯೋಗಾಲಯ ಎಂದರು. ಸುತ್ತ ನೀರಿದ್ದರೆ ಹೊರಗಿನ ಗದ್ದಲ ಕಡಿಮೆ ಎಂಬ ತರ್ಕ. ಅದನ್ನು ಅಲ್ಲಾಡಿಸುವ ಸಾಕ್ಷ್ಯ ಬೇಕಾದಷ್ಟಿದೆ. ಸುಮಾರು 3000 ವರ್ಷಗಳ ಹಿಂದೆ ‘ಲಪಿಟಾ’ ಎಂಬ ಶೈಲಿಯ ಮಡಕೆ ಮಾಡುತ್ತಿದ್ದ ಪೆಸಿಫಿಕ್‌ನ ಜನ, ಪಪುವಾ ನ್ಯೂ ಗಿನಿ ಬಳಿಯ ನ್ಯೂ ಬ್ರಿಟನ್ ದ್ವೀಪದ ಜ್ವಾಲಾಮುಖಿ ಗಾಜನ್ನು ಫಿಜಿವರೆಗೆ ಒಯ್ದಿದ್ದರು. ಯೆಮನ್‌ಗೆ ಸೇರಿದ ಸೊಕೊಟ್ರಾ ದ್ವೀಪದ ಹೋಖ್ ಗುಹೆಯಲ್ಲಿ ನೂರಕ್ಕೂ ಹೆಚ್ಚು ಬ್ರಾಹ್ಮಿ ಬರಹಗಳಿವೆ. ಬಂದುಹೋದ ಭಾರತದ ನಾವಿಕರು ಹೆಸರು ಗೀಚಿದ್ದಾರೆ. ನಮ್ಮವರಿಗೆ ಗೋಡೆ ಕಂಡರೆ ಕೈ ತುರಿಸುವುದು ಹೊಸದೇನಲ್ಲ! ಶಾಸನಶಾಸ್ತ್ರದ ಪೇಪರ್ ಮುಗಿಸಿದವರು ಈ ವಿಷಯವನ್ನು ಯಾಕೆ ಮುಟ್ಟುವುದಿಲ್ಲವೋ ನನಗಂತೂ ಅರ್ಥವಾಗಿಲ್ಲ.

ಚಿಪ್ಪಿನ ಲೆಕ್ಕದಲ್ಲಿ ಜಾರಬೇಡಿ

ಕಾಲನಿರ್ಣಯದ ಅಭ್ಯಾಸದಲ್ಲಿ ಒಂದೇ ಪದರದ ಇದ್ದಿಲು, ಸಮುದ್ರದ ಚಿಪ್ಪು ಎರಡರ ರೇಡಿಯೊಕಾರ್ಬನ್ ಅಂಕಿ ಕೊಡುತ್ತಾರೆ. ಚಿಪ್ಪು ನಾಲ್ಕು ಶತಮಾನ ಹಳೆಯದು ಎಂದು ಬರುತ್ತದೆ. ‘ಎರಡು ಕಾಲದ ಜನ ಇಲ್ಲಿದ್ದರು’ ಎಂದು ಬರೆದಿರೋ, ಅಂಕ ಹೋಯಿತು. ಕಡಲ ನೀರಿನಲ್ಲಿ ಹಳೆಯ ಇಂಗಾಲ ಬೆರೆತಿರುವುದರಿಂದ ಚಿಪ್ಪಿನ ವಯಸ್ಸು ಸರಾಸರಿ 400 ವರ್ಷ ಹೆಚ್ಚು ಕಾಣುತ್ತದೆ. ಸ್ಥಳಕ್ಕೆ ತಕ್ಕಂತೆ ತಿದ್ದಬೇಕು. ಇದ್ದಿಲೂ ಸಾಚಾ ಅಲ್ಲ. ಮುದಿ ಮರದ ತಿರುಳಾದರೆ ಅದೂ ವಯಸ್ಸು ಏರಿಸಿ ಹೇಳುತ್ತದೆ. ಈ ಎರಡನೇ ಮಾತು ಬರೆದವರಿಗೆ ನಾನು ಒಂದು ಅಂಕ ಹೆಚ್ಚೇ ಕೊಟ್ಟಿದ್ದೇನೆ.

ಕ್ಷೇತ್ರ ವರದಿ

ಲಕ್ಷದ್ವೀಪಕ್ಕೆ ಹೋಗಲಿಲ್ಲವೆಂದು ಕೊರಗಬೇಡಿ. ಭಾನುವಾರ ಬೆಳಿಗ್ಗೆ ಮೈಸೂರು ರೈಲು ಹತ್ತಿ ಶ್ರೀರಂಗಪಟ್ಟಣದಲ್ಲಿ ಇಳಿಯಿರಿ. ಹೊಳೆಯ ನಡುಗಡ್ಡೆ ದ್ವೀಪ ಪುರಾತತ್ವದ ವ್ಯಾಪ್ತಿಗೆ ಬರುತ್ತದೆಯೇ ಎಂಬ ತಕರಾರು ವೈವಾದಲ್ಲಿ ಏಳುತ್ತದೆ, ಏಳಲಿ. ಕೋಟೆ ಗೋಡೆ, ಸೇತುವೆ, ಸ್ನಾನಘಟ್ಟಗಳನ್ನು ನಕ್ಷೆಯಲ್ಲಿ ಗುರುತಿಸಿ, ಯಾವ ಕಡೆ ನೀರು ಕಾವಲಾಗಿದೆ, ಯಾವ ಕಡೆ ದಾಟಲು ಬಿಟ್ಟಿದೆ ಎಂದು ತೋರಿಸಿ. ಫೋಟೊದಲ್ಲಿ ಅಳತೆಪಟ್ಟಿ, ಉತ್ತರ ದಿಕ್ಕಿನ ಗುರುತು ಇರಲಿ, ಸೆಲ್ಫಿ ಬೇಡ.

ಇಂಟರ್ನಲ್ ಪಟ್ಟಿ ನೋಟಿಸ್ ಬೋರ್ಡ್‌ಗೆ ಬಿದ್ದ ದಿನವೇ ನಿಮ್ಮ ಅಂಕ ಕೂಡಿ ನೋಡಿ. ತಪ್ಪಿದ್ದರೆ ಸಹಿ ಹಾಕುವ ಮುಂಚೆ ಮೇಷ್ಟ್ರಿಗೆ ಹೇಳಿ. ಪಟ್ಟಿ ಪರೀಕ್ಷಾ ವಿಭಾಗಕ್ಕೆ ಹೋದ ಮೇಲೆ ಅರ್ಜಿ, ಚಲನ್, ಓಡಾಟ ಎಲ್ಲ ನಿಮ್ಮ ತಲೆಗೇ.