ಗಾಣಗಾಪುರಕ್ಕೆ ಅವಸರವಿಲ್ಲದ ನಡಿಗೆ

ಕಲಬುರಗಿಯಿಂದ ದೇವಲ ಗಾಣಗಾಪುರ ಸುಮಾರು 40 ಕಿಲೋಮೀಟರ್. ದತ್ತ ಜಯಂತಿಗೆ ಹೊರಟ ನಾನು ಮತ್ತು ಸೋದರಮಾವ ಒಂದೇ ಉಸಿರಿಗೆ ನಡೆದು ಮುಟ್ಟುವ ಹಟ ಇಟ್ಟುಕೊಳ್ಳಲಿಲ್ಲ. ದಾರಿಯ ಊರುಗಳ ಗುಡಿಯಲ್ಲಿ ಮಲಗುತ್ತಾ, ದಿನಕ್ಕೆ 15 ಕಿಲೋಮೀಟರ್ ಒಳಗೇ ನಡೆದೆವು. ಈ ದಾರಿಗೆ ಅದೇ ಸರಿ. ರಾತ್ರಿಯಿಡೀ ನಡೆದರೆ ಹೊಲ ಕಾಣುವುದಿಲ್ಲ, ಜನ ಸಿಗುವುದಿಲ್ಲ.

ಅಫಜಲಪುರ ರಸ್ತೆಯಲ್ಲಿ ಮೊದಲು ಬರೀ ಲಾರಿ, ಧೂಳು. ಬಲಗಡೆ ಅಂಚಿನಲ್ಲೇ ನಡೆಯಿರಿ, ಎದುರು ಬರುವ ಗಾಡಿ ಕಾಣುತ್ತದೆ. ಶರಣಸಿರಸಗಿ ದಾಟಿದ ಮೇಲೆ ಎರಡೂ ಕಡೆ ತೊಗರಿ. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕ ನಮ್ಮ ತೊಗರಿ. ಸಣ್ಣ ಏರು, ಸಣ್ಣ ಇಳಿಜಾರು, ಅಷ್ಟೇ. ದಾರಿ ಪಡುವಣಕ್ಕೆ ಸಾಗುವುದರಿಂದ ಬೆಳಗಿನ ಬಿಸಿಲು ಬೆನ್ನಿಗೆ, ಸಂಜೆಯದು ಮುಖಕ್ಕೆ. ಅದಕ್ಕೇ ನಸುಕಿನಲ್ಲಿ ಹೊರಟು 11ರೊಳಗೆ ನಿಲ್ಲಿಸಿಬಿಡುತ್ತಿದ್ದೆವು.

ಬುತ್ತಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಹೊಲದ ಬದುವಿನ ಮೇಲೆ ಅದನ್ನು ಬಿಚ್ಚಿದಾಗ ಯಾರೋ ಉಳ್ಳಾಗಡ್ಡಿ ತಂದಿಟ್ಟರು. ಒಬ್ಬ ಅಜ್ಜಿ, "ಎಲ್ಲಿಗಿ ಹೊಂಟೀರಿ ಯಪ್ಪಾ, ಕುಂದ್ರಿ, ನೀರ್ ಕುಡೀರಿ" ಅಂತ ಕರೆದು, ಉಪ್ಪು ಹಾಕಿ ಕುದಿಸಿದ ಹಸಿ ತೊಗರಿಕಾಯಿ ಕೊಟ್ಟರು. ಸುಲಿದು ತಿನ್ನುತ್ತಾ ಎಷ್ಟೋ ಹೊತ್ತು ಅಲ್ಲೇ ಕೂತೆವು.

ಹೊಸ ಶೂ ಬೇಡವೇ ಬೇಡ, ಕಾಲಿಗೆ ಪಳಗಿದ್ದೇ ಇರಲಿ. ಬೆರಳಸಂದಿಗೆ ಕೊಬ್ಬರಿ ಎಣ್ಣೆ ಸವರಿದರೆ ಗುಳ್ಳೆ ಏಳುವುದು ಕಡಿಮೆ. ಮಳೆ ಬಿದ್ದರೆ ಹೊಲದ ಅಡ್ಡದಾರಿ ಹಿಡಿಯಬೇಡಿ. ಎರೆಮಣ್ಣು ಮೆತ್ತಿಕೊಂಡು ಕಾಲೆತ್ತುವುದೇ ಕಷ್ಟ.

ಚೌಡಾಪುರದಲ್ಲಿ ಹೆದ್ದಾರಿ ಬಿಟ್ಟು ಗಾಣಗಾಪುರದ ಕಡೆ ತಿರುಗಬೇಕು. ಕೊನೆಯ ದಿನ ಇನ್ನೂ ಬೇಗ ಹೊರಡಿ. ಭೀಮಾ-ಅಮರಜಾ ಸಂಗಮ ಊರಿಂದ ಸುಮಾರು 3 ಕಿಲೋಮೀಟರ್ ದೂರ. ಅಲ್ಲಿ ಸ್ನಾನ ಮುಗಿಸಿ ಬಂದು ಮಠದಲ್ಲಿ ಸಣ್ಣ ಕಿಟಕಿಯಿಂದ ದತ್ತಗುರುವಿನ ನಿರ್ಗುಣ ಪಾದುಕೆಯ ದರ್ಶನ ಪಡೆಯಬೇಕು, ಮಧ್ಯಾಹ್ನ ಮಾಧುಕರಿಗೆ, ಅಂದರೆ ಅನ್ನದ ಭಿಕ್ಷೆಗೆ, ನಿಲ್ಲಬೇಕು. ದತ್ತನ ಅವತಾರ ಎನ್ನುವ ಗುರು ನೃಸಿಂಹ ಸರಸ್ವತಿಗಳಿದ್ದ ಈ ಊರಲ್ಲಿ ದತ್ತ ಇಂದಿಗೂ ಯಾವುದೋ ವೇಷದಲ್ಲಿ ಭಿಕ್ಷೆಗೆ ಬರುತ್ತಾನೆ ಅನ್ನೋದು ನಂಬಿಕೆ. ಮೊದಲು ಬಸ್ಸಿನಲ್ಲಿ ಬಂದಾಗೆಲ್ಲ ಕೈಚಾಚಲು ನನಗೆ ಸಂಕೋಚ. ದಾರಿಯುದ್ದಕ್ಕೂ ಗುರುತಿಲ್ಲದವರು ಕೊಟ್ಟಿದ್ದು ತಿಂದು ಬಂದಿದ್ದಕ್ಕೋ ಏನೋ, ಈ ಸಲ ಮಾವನ ಪಕ್ಕ ನಾನೂ ಜೋಳಿಗೆ ಹಿಡಿದು ನಿಂತೆ.

ವಾಪಸು ಬರಲು ಬಸ್ಸಿದೆ. ಜಯಂತಿಯ ದಿನ ಗದ್ದಲ ಜಾಸ್ತಿ, ರಾತ್ರಿ ಅಲ್ಲೇ ಉಳಿದು ಮರುದಿನ ಹೊರಡಿ.