ವೇಪ್ (ಇ-ಸಿಗರೇಟ್) ಟ್ಯಾಂಕ್‌ನ ಹಳೇ ವಾಸನೆ ಹೋಗಬೇಕಾ?
ಟ್ಯಾಂಕ್ ಬಿಚ್ಚಿ, ಕಾಯಿಲ್ (ದ್ರವ ಬಿಸಿ ಮಾಡುವ ಸುರುಳಿ) ತೆಗೆದಿಟ್ಟು, ಗಾಜು ಮತ್ತು ಲೋಹದ ಭಾಗಗಳನ್ನು ಪಾತ್ರೆ ತೊಳೆಯುವ ಲಿಕ್ವಿಡ್ 2 ಹನಿ ಹಾಕಿದ ಬೆಚ್ಚಗಿನ ನೀರಲ್ಲಿ 10 ನಿಮಿಷ ನೆನೆಸಿ. ವೇಪ್ ದ್ರವದ ಗ್ಲಿಸರಿನ್ ಸೋಪಿಲ್ಲದ ನೀರಲ್ಲೂ ಕರಗುತ್ತದೆ, ಆದರೆ ಫ್ಲೇವರ್‌ನ ಜಿಡ್ಡಿಗೆ ಸೋಪು ಬೇಕು. ಕೈಗೆ ಗ್ಲೌಸ್ ಇರಲಿ, ನಿಕೋಟಿನ್ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಆಮೇಲೆ ಚೆನ್ನಾಗಿ ತೊಳೆದು ಪೂರ್ತಿ ಒಣಗಿಸಿ. ಬ್ಲೀಚ್ ಮಾತ್ರ ಬೇಡವೇ ಬೇಡ, ಉಳಿದದ್ದನ್ನು ಉಸಿರಲ್ಲಿ ಎಳೆದುಕೊಳ್ಳುವವರು ನಾವೇ ಅಲ್ವಾ! ಹತ್ತಿ ಇರುವ ಕಾಯಿಲ್‌ಗೆ ಈ ಉಪಾಯ ನಡೆಯುವುದಿಲ್ಲ, ಸೋಪು ಹತ್ತಿಯಲ್ಲೇ ಉಳಿದುಬಿಡುತ್ತದೆ. ಸುಟ್ಟ ವಾಸನೆ ಬಂದರೆ ಸುಮ್ನೆ ಹೊಸ ಕಾಯಿಲ್ ಹಾಕಿ. ರಬ್ಬರ್ ರಿಂಗ್‌ಗೆ ಹಿಡಿದ ವಾಸನೆಯೂ ಹಟಮಾರಿ, ಬದಲಾಯಿಸುವುದೇ ವಾಸಿ. ಬ್ಯಾಟರಿ ಭಾಗಕ್ಕೆ ನೀರು ತಾಗಿಸಬೇಡಿ, ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.