ನಡುವೆ ಬಾಯಿ ಹಾಕುತ್ತಿದ್ದ ಪಾತ್ರ

ಜನರೊಡನೆ ಮಾತಾಡಲೆಂದು ನಾನು ಕಂಪ್ಯೂಟರಿನಲ್ಲಿ ಕಟ್ಟಿದ ವರ್ಚುವಲ್ ಪಾತ್ರಕ್ಕೆ ಒಂದು ಕೆಟ್ಟ ಚಾಳಿಯಿತ್ತು: ಎದುರಿನವರು ಯೋಚಿಸಲು ಅರೆಗಳಿಗೆ ನಿಂತರೂ ನಡುವೆ ಬಾಯಿ ಹಾಕುತ್ತಿತ್ತು. ಅದರೊಡನೆ ಮಾತಾಡಿದವರು ತುಂಬಿದ ಪ್ರಶ್ನಾವಳಿಯಲ್ಲಿ ಮಾತ್ರ ಒಳ್ಳೆಯ ಅಂಕಗಳೇ ಬಂದಿದ್ದವು. ಜನ ಸಂಕೋಚಕ್ಕೂ ಹೊಗಳುತ್ತಾರೆ. ಆ ಮಾತುಕತೆಗಳ ವಿಡಿಯೊ ನೋಡಿದಾಗಲೇ ಗೊತ್ತಾದದ್ದು, ಅವರು ಪದೇ ಪದೇ ವಾಕ್ಯವನ್ನು ಅರ್ಧಕ್ಕೇ ಬಿಡುತ್ತಿದ್ದರು.

500 ಮಿಲಿಸೆಕೆಂಡ್ ಮೌನ ಕಂಡರೆ ಮಾತು ಮುಗಿಯಿತೆಂದು ತಂತ್ರಾಂಶ ತೀರ್ಮಾನಿಸುತ್ತಿತ್ತು. ಅದನ್ನು 1,500ಕ್ಕೆ ಏರಿಸಿದೆ. ಪಾತ್ರಕ್ಕೆ ಮಂಕು ಬಡಿದಂತಾಯಿತು. ಮನುಷ್ಯರ ಸಂಭಾಷಣೆಯಲ್ಲಿ ಸರದಿ ಬದಲಾಗುವ ಅಂತರ ಸಾಮಾನ್ಯವಾಗಿ ಸುಮಾರು 200 ಮಿಲಿಸೆಕೆಂಡ್ ಅಷ್ಟೇ. ನಾವು ಮೌನಕ್ಕಾಗಿ ಕಾಯುವುದಿಲ್ಲ, ವಾಕ್ಯ ಎಲ್ಲಿ ಮುಗಿದೀತೆಂದು ಮೊದಲೇ ಊಹಿಸುತ್ತೇವೆ.

ಹಾಗಾಗಿ ಒಂದೇ ಮಿತಿಯನ್ನು ಕೈಬಿಟ್ಟೆ. ಮಾತು ‘ಆದರೆ’, ‘ಅಂದರೆ’ ಎಂದು ನಿಂತರೆ ಅಥವಾ ಕ್ರಿಯಾಪದ ಇನ್ನೂ ಬಾರದಿದ್ದರೆ ಪಾತ್ರ ಹೆಚ್ಚು ಕಾಯುತ್ತದೆ. ವಾಕ್ಯ ಪೂರ್ಣವಾಗಿದ್ದರೆ ಬೇಗ ಉತ್ತರಿಸುತ್ತದೆ. ಕಾಯುವಾಗ ಕಲ್ಲಿನಂತೆ ನಿಲ್ಲದೆ ತಲೆಯಾಡಿಸುತ್ತದೆ, ‘ಹೂಂ’ ಎನ್ನುತ್ತದೆ. (ಮೊದಲ ಆವೃತ್ತಿ ಎರಡು ಸೆಕೆಂಡಿಗೊಮ್ಮೆ ತಲೆಯಾಡಿಸಿ ಶುದ್ಧ ಕೋಲೆಬಸವನಾಗಿತ್ತು; ಈಗ ಮಾತಿನ ಬಿಡುವಿನಲ್ಲಿ ಮಾತ್ರ.)

ಮೌಲ್ಯಮಾಪನವನ್ನೂ ಬದಲಿಸಿದೆ: ಅಂಕಗಳಿಗಿಂತ ಮೊದಲು ಅರ್ಧಕ್ಕೆ ನಿಂತ ವಾಕ್ಯಗಳನ್ನು ಎಣಿಸುತ್ತೇನೆ. ಅವು ಬಹಳ ಕಡಿಮೆಯಾಗಿವೆ. ಕೆಮ್ಮನ್ನು ಮಾತ್ರ ಅದು ಇನ್ನೂ ಮಾತೆಂದೇ ತಿಳಿಯುತ್ತದೆ.